ಆಫೀಸೇ ಇಲ್ಲದ ಕಂಪನಿಗೆ ಕೊರೊನಾ ಬಂದಾಗ

ಕೆಲಸದ ಕಥೆ – 7

ಪ್ಲೇಸ್‌ಮೆಂಟ್ ಸೀಸನ್ ಶುರು. ಕ್ಲಾಸ್ ಗ್ರೂಪಲ್ಲಿ ಎಲ್ಲರದ್ದೂ ಒಂದೇ ಜಪ: "ರಿಮೋಟ್ ಇದ್ರೆ ಸಾಕು ಮಗಾ." ನನಗೂ ಆಸೆ ಇದೆ, ಸುಳ್ಳು ಹೇಳಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಆಯಸ್ಸು ಸವೆಸೋಕೆ ಯಾರಿಗಿಷ್ಟ? ರಿಮೋಟ್ ಕಂಪನಿಗೆ ಕೊರೊನಾದಿಂದ ಏನೂ ಆಗಿರಲ್ಲ, ಅವರು ಮೊದಲಿಂದ್ಲೂ ಮನೇಲೇ ಇದ್ರಲ್ಲ ಅಂತಾನೂ ಅಂದ್ಕೊಂಡಿದ್ದೆ.

ಗಿಟ್‌ಲ್ಯಾಬ್ ನಮಗೆಲ್ಲ ಗೊತ್ತು, ಪ್ರಾಜೆಕ್ಟ್ ಕೋಡ್ ಹಾಕೋ ಜಾಗ. 2020ರಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಜನ, 60ಕ್ಕೂ ಹೆಚ್ಚು ದೇಶಗಳಲ್ಲಿ. ಆಫೀಸು ಮಾತ್ರ ಒಂದೂ ಇಲ್ಲ. ಆ ಮಾರ್ಚ್‌ನಲ್ಲಿ ಎಲ್ಲರೂ ಪ್ರಾಗ್‌ನಲ್ಲಿ ಸೇರಬೇಕಿತ್ತು, ಅದು ಆನ್‌ಲೈನಿಗೆ ಬಂತು. ಬೇರೆ ಕಂಪನಿಗಳು ಲ್ಯಾಪ್‌ಟಾಪ್ ಹಂಚೋಕೆ ಒದ್ದಾಡ್ತಿದ್ದಾಗ ಇವರು ಮನೆಯಿಂದ ಕೆಲಸ ಮಾಡೋದು ಹೇಗೆ ಅಂತ ಊರಿಗೆಲ್ಲ ಪಾಠ ಹೇಳ್ತಿದ್ರು.

ಆದ್ರೆ ಅವರ ಜನರಿಗೂ ಮನೆ ಮೊದಲಿನ ಮನೆಯಾಗಿ ಉಳೀಲಿಲ್ಲ. ಸ್ಕೂಲ್ ಬಂದ್, ಮಕ್ಕಳು ಪಕ್ಕದಲ್ಲೇ. ಹೊರಗೆ ಹೋಗೋ ಹಾಗಿಲ್ಲ, ಹಾಗಾಗಿ ಕಂಪ್ಯೂಟರ್ ಮುಂದೆಯೇ ಹೊತ್ತು ಕಳೆಯೋದು. ಇಲ್ಲಿದೆ ನನಗಿಷ್ಟವಾದ ವಿಷಯ. 'ಎಷ್ಟು ಬೇಕೋ ಅಷ್ಟು ರಜೆ ತಗೊಳ್ಳಿ' ಅನ್ನೋ ನಿಯಮ ಅಲ್ಲಿ ಮೊದಲೇ ಇತ್ತು. ಆದ್ರೂ 2020ರ ಮೇ 1ಕ್ಕೆ ಇಡೀ ಕಂಪನಿಯನ್ನೇ ಒಂದು ದಿನ ಮುಚ್ಚಿ, ಅದಕ್ಕೆ 'ಫ್ಯಾಮಿಲಿ ಅಂಡ್ ಫ್ರೆಂಡ್ಸ್ ಡೇ' ಅಂತ ಹೆಸರಿಟ್ರು. ಆಮೇಲೂ ಅಂಥ ದಿನಗಳನ್ನ ಮುಂದುವರಿಸಿದ್ರು. ಒಬ್ಬರೇ ರಜೆ ಹಾಕಿದ್ರೆ ವಾಪಸ್ ಬರುವಷ್ಟರಲ್ಲಿ ಮೆಸೇಜ್ ರಾಶಿ ಕಾದಿರುತ್ತೆ. ಎಲ್ಲರೂ ಒಟ್ಟಿಗೆ ಹಾಕಿದ್ರೆ ಮೆಸೇಜ್ ಕಳಿಸೋರೇ ಇರಲ್ಲ!

(ಇದೆಲ್ಲ ಲ್ಯಾಪ್‌ಟಾಪ್ ಇದ್ದವರ ಭಾಗ್ಯ. ಗಾರ್ಮೆಂಟ್ಸ್‌ನವರನ್ನ, ಡೆಲಿವರಿ ಹುಡುಗರನ್ನ 'ಹೇಗಿದ್ದೀರಿ' ಅಂತ ಯಾರೂ ಕೇಳಿಲ್ಲ. ಅದಕ್ಕೆ ಬೇರೆ ಪೋಸ್ಟ್ ಬರೀತೀನಿ.)

ಒಂದು ದಿನದ ರಜೆಗೆ ಇಷ್ಟು ಹೊಗಳಿಕೆ ಯಾಕೆ ಅಂತೀರಾ? ನಮ್ಮ ದೊಡ್ಡಮ್ಮನ ಮಗಳು ಅಕ್ಕ, ಹಾಸನದ ಮನೆಯಿಂದ ಒಂದು ರಿಮೋಟ್ ಕಂಪನಿಗೆ ಕೆಲಸ ಮಾಡ್ತಿದ್ಳು. ಹೆಸರು ಬೇಡ. 2021ರ ಮೇ, ಎರಡನೇ ಅಲೆ. ದೊಡ್ಡಪ್ಪ ವಾರ್ಡಿನ ಒಳಗೆ, ಮನೆಯವರನ್ನ ಬಿಡ್ತಿರಲಿಲ್ಲ. ಅಕ್ಕ ಹೊರಗೆ ಕಾರಲ್ಲಿ ಕೂತು, ಫೋನಿನ ಹಾಟ್‌ಸ್ಪಾಟ್‌ನಲ್ಲಿ, ಕ್ಯಾಮೆರಾ ಆಫ್ ಮಾಡಿ ಮೀಟಿಂಗ್ ಮಾಡಿದ್ಳು, ಒಂಬತ್ತು ದಿನ. ಅವಳ ಕಂಪನೀಲೂ ರಜೆಗೆ ಮಿತಿ ಇರಲಿಲ್ಲ. "ಕೇಳೋಕೆ ಒಂಥರಾ ಆಗ್ತಿತ್ತು ಕಣೋ, ಬೇರೆ ಯಾರೂ ಕೇಳ್ತಿರಲಿಲ್ಲ" ಅಂದ್ಳು. ದೊಡ್ಡಪ್ಪ ಹುಷಾರಾದ್ರು. ಅವಳು ಆ ಕೆಲಸ ಬಿಟ್ಳು.

ಆಫೀಸಲ್ಲಾದ್ರೆ ಟೀ ಕುಡಿಯುವಾಗ ಯಾರಾದ್ರೂ ಮುಖ ನೋಡಿ "ಏನಾಯ್ತು?" ಅಂತಿದ್ರು. ರಿಮೋಟ್‌ನಲ್ಲಿ ಮುಖ ಇಲ್ಲ, ಹಸಿರು ಚುಕ್ಕಿ ಅಷ್ಟೇ. ಅದು ಕಾರಲ್ಲಿ ಕೂತು ಅಳ್ತಿದ್ರೂ ಹಸಿರೇ. ಅದಕ್ಕೇ ರಿಮೋಟ್ ಕಂಪನಿ ತಾನಾಗಿಯೇ ಕೇಳಬೇಕು, ತಾನಾಗಿಯೇ ಬಾಗಿಲು ಹಾಕಬೇಕು ಅಂತ ನನ್ನ ವಾದ. ನಿಯಮ ಇದೆ, ನೀವೇ ಬಳಸ್ಕೊಳ್ಳಿ ಅನ್ನೋದು ಕೈ ತೊಳ್ಕೊಂಡಂಗೆ.

ಹೋದ ವಾರ ಕಾಲೇಜಿಗೆ ಬಂದ ಒಂದು ರಿಮೋಟ್ ಕಂಪನಿಯ ಎಚ್‌ಆರ್ ಮೇಡಂಗೆ ಕೇಳಿದೆ: "ಎರಡನೇ ಅಲೆಯಲ್ಲಿ ನಿಮ್ಮಲ್ಲಿ ಎಷ್ಟು ಜನ, ಎಷ್ಟು ದಿನ ರಜೆ ತಗೊಂಡ್ರು?" ಹಿಂದಿನ ಬೆಂಚಿಂದ ನಗು ಬಂತು. ಅವರು ನಗಲಿಲ್ಲ, ಬರ್ಕೊಂಡ್ರು. ಚೆಕ್ ಮಾಡಿ ಮೇಲ್ ಮಾಡ್ತೀನಿ ಅಂದ್ರು.

ಮೇಲ್ ಇನ್ನೂ ಬಂದಿಲ್ಲ. ಬಂದ್ರೆ ಸ್ಟೋರೀಲಿ ಹಾಕ್ತೀನಿ.