ನೆರೆನಾಡಿನ ವ್ಯಾಪಾರ



ನಮ್ಮ ದೋರನಹಳ್ಳಿಯ ಸೀಮೆಯು 1948ರ ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತಷ್ಟೆ. ಆಗ ಇಲ್ಲಿ ಹಾಲಿ ಸಿಕ್ಕಾ ಎಂಬ ಬೇರೆಯ ನಾಣ್ಯವಿದ್ದಿತು. ಸಂಸ್ಥಾನಕ್ಕೆ ತನ್ನದೇ ಆದ ಸುಂಕವಿದ್ದಿತು. ಸೊಲ್ಲಾಪುರಕ್ಕೆ ಹತ್ತಿಯನ್ನು ಕಳುಹುವವನೂ ಒಂದು ಬಗೆಯಲ್ಲಿ ವಿದೇಶವ್ಯಾಪಾರಿಯೇ ಆಗಿದ್ದನು. ಇಂದು ಆ ಎಲ್ಲೆಯು ಅಳಿದಿದೆ. ನೆರೆನಾಡೆಂಬುದು ದೂರ ಸರಿದಿದೆ. ನಮ್ಮ ದೇಶದ ಹತ್ತಿಯನ್ನು ಕೊಳ್ಳುವವರಲ್ಲಿ ಈಗ ಬಾಂಗ್ಲಾದೇಶದ ಗಿರಣಿಗಳು ಮುಖ್ಯವಾದುವು. ಆ ದೇಶವು ಲೋಕಕ್ಕೆಲ್ಲ ಉಡುಪನ್ನು ಹೊಲಿದು ಕಳುಹುವುದಾದರೂ ತಾನು ಬೆಳೆಯುವ ಹತ್ತಿಯು ಅತ್ಯಲ್ಪ.

2024ರ ಯುಗಾದಿಯ ಬಳಿಕ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಸುತ್ತಲಿನ ರೈತರಿಂದ ಹತ್ತಿಯನ್ನು ಉದ್ದರಿಯಾಗಿ ಕೊಂಡು, ಹಿಂಜಿಸಿ, ಅಂಡಿಗೆ ಕಟ್ಟಿಸಿ, ಬಾಂಗ್ಲಾದೇಶಕ್ಕೆ ಕಳುಹಬೇಕೆಂಬುದು ಅವನ ಹಂಚಿಕೆ. ಸುಮಾರು 5 ಕ್ವಿಂಟಲ್ ಹತ್ತಿಗೆ 170 ಕಿಲೋಗ್ರಾಮಿನ ಒಂದು ಅಂಡಿಗೆಯಂತೆ ಲೆಕ್ಕವನ್ನು ಅಚ್ಚುಕಟ್ಟಾಗಿ ಬರೆದು ತಂದಿದ್ದನು. ಸರಕು ಮುಟ್ಟಿದ 90 ದಿನಗಳಿಗೆ ಹಣವನ್ನು ಕೊಡುವೆನೆಂದು ಅಲ್ಲಿಯ ವರ್ತಕನು ಮಾತು ಕೊಟ್ಟಿದ್ದನು. ಬ್ಯಾಂಕಿನ ಸಾಲಕ್ಕೆ ನನ್ನ ಮನೆಯು ಜಾಮೀನಾಗಬೇಕಾಗಿದ್ದಿತು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪಣ್ಯಾಧ್ಯಕ್ಷನ ಪ್ರಕರಣವೊಂದುಂಟು. ಪರದೇಶಕ್ಕೆ ಸರಕನ್ನು ಕಳುಹುವ ಮುನ್ನ ಎರಡೂ ಕಡೆಯ ಬೆಲೆಯನ್ನರಿತು, ಸುಂಕ, ದಾರಿಯ ತೆರಿಗೆ, ದೋಣಿಯ ಕೂಲಿ, ಊಟದ ವೆಚ್ಚ ಇವೆಲ್ಲವನ್ನೂ ಕಳೆದು ಉಳಿಯುವ ಲಾಭವನ್ನು ನೋಡಬೇಕೆಂಬುದು ಅಲ್ಲಿಯ ವಿಧಿ. ಶಿಷ್ಯನು ಇಷ್ಟನ್ನೂ ಮಾಡಿದ್ದನು. ಆದರೆ ಮೂರು ಪ್ರಶ್ನೆಗಳು ಉಳಿದುವು.

ಮೊದಲನೆಯದು, ಹಣಕ್ಕೆ ಹೊಣೆ ಯಾರು? ಕೊಳ್ಳುವವನ ಬ್ಯಾಂಕು ಲೆಟರ್ ಆಫ್ ಕ್ರೆಡಿಟ್ ಎಂಬ ಪತ್ರವನ್ನು ಕೊಟ್ಟರೆ, ಸರಕಿನ ಕಾಗದಗಳು ಸರಿಯಾಗಿರುವಾಗ ಆ ಬ್ಯಾಂಕೇ ಹಣವನ್ನು ತೆರಬೇಕಾಗುವುದು. 2022ರಿಂದ ಅಲ್ಲಿ ಡಾಲರಿನ ಅಭಾವವು ತೋರಿದ್ದರಿಂದ, ನಮ್ಮ ದೇಶದ ಬ್ಯಾಂಕೊಂದು ಆ ಪತ್ರವನ್ನು ದೃಢೀಕರಿಸಿದರೆ ಇನ್ನೂ ಲೇಸು. 1957ರಲ್ಲಿ ಸರ್ಕಾರವು ಸ್ಥಾಪಿಸಿದ ರಫ್ತು ವಿಮಾ ಸಂಸ್ಥೆಯು ಇಂದು ಇಸಿಜಿಸಿ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಹಣ ಬಾರದ ಭಯಕ್ಕೆ ಅದು ವಿಮೆಯನ್ನು ಕೊಡುವುದು. ಶಿಷ್ಯನ ಕೈಯಲ್ಲಿ ಇವೊಂದೂ ಇರಲಿಲ್ಲ.

ಎರಡನೆಯದು, ರಾಜಾಜ್ಞೆ ಬದಲಾದರೆ ಗತಿಯೇನು? 2012ರ ಮಾರ್ಚ್ 5ರಂದು ನಮ್ಮ ಸರ್ಕಾರವೇ ಹತ್ತಿಯ ರಫ್ತನ್ನು ಹಠಾತ್ತಾಗಿ ತಡೆದಿತು. ಕೆಲದಿನಗಳಲ್ಲಿಯೇ ಸಡಿಲಿಸಿತಾದರೂ ವರ್ತಕರ ನಿದ್ರೆಯು ಕೆಟ್ಟಿತು. 2019ರ ಸೆಪ್ಟೆಂಬರ್ 29ರಂದು ಈರುಳ್ಳಿಗೂ ಅದೇ ಗತಿಯಾಯಿತು.

ಮೂರನೆಯ ಪ್ರಶ್ನೆಯು ನನ್ನದಲ್ಲ. ಚಹದ ಬಟ್ಟಲುಗಳನ್ನು ತಂದ ನನ್ನ ಗೃಹಿಣಿಯು ಕೇಳಿದಳು: "ಅಲ್ಲಿಂದ ಹಣ ಬಾರದೆ ಹೋದರೆ, ಹತ್ತಿ ಕೊಟ್ಟ ರೈತರಿಗೆ ಕೊಡುವವರಾರು?" ಲಾಭದಲ್ಲಿ ಪಾಲಿಲ್ಲದವರು ನಷ್ಟಕ್ಕೆ ಮಾತ್ರ ಪಾಲುಗಾರರಾಗುವ ವ್ಯಾಪಾರವದು. ಶಿಷ್ಯನು ನಿರುತ್ತರನಾದನು. ನಾನು ಸಹಿ ಮಾಡಲಿಲ್ಲ. ಅವನು ಮುನಿದು ಹೊರಟುಹೋದನು. ಮೂವತ್ತು ವರ್ಷಗಳ ಗುರುಶಿಷ್ಯಭಾವವು ಒಂದು ಕಾಗದದಿಂದ ಹರಿಯಿತೆಂದು ನಾನು ಬಹುದಿನ ನೊಂದೆನು.

2024ರ ಆಗಸ್ಟ್ 5, ಶ್ರಾವಣದ ಮೊದಲ ಸೋಮವಾರ. ಢಾಕಾದ ಪ್ರಧಾನಿಯು ಪದವಿಯನ್ನು ತ್ಯಜಿಸಿ ದೇಶವನ್ನೇ ಬಿಟ್ಟರೆಂಬ ಸುದ್ದಿಯು ಬಂದಿತು. ಗಡಿಯ ವ್ಯಾಪಾರವು ಕೆಲದಿನ ನಿಂತಿತು. ಶಿಷ್ಯನ 90 ದಿನಗಳ ಗಡುವು ಹೆಚ್ಚುಕಡಿಮೆ ಆ ಹೊತ್ತಿಗೇ ಬೀಳುತ್ತಿದ್ದಿತು.

ದೀಪಾವಳಿಗೆ ಅವನು ತಾನಾಗಿಯೇ ಬಂದನು. ಹತ್ತಿಯನ್ನು ನಮ್ಮ ನಾಡಿನ ಗಿರಣಿಗೇ ಮಾರಿದ್ದನು. ಲಾಭವು ಅಲ್ಪ, ಆದರೆ ರೈತರ ಬಾಕಿಯು ಚುಕ್ತವಾಗಿದ್ದಿತು. ನಾನೇನೂ ಜ್ಯೋತಿಷಿಯಲ್ಲವೆಂದು ಅವನಿಗೆ ಹೇಳಿದೆನು. ಗಡಿಯು ಮತ್ತೆ ತೆರೆಯಿತು. ಅವನ ಹಣವು ತಡವಾಗಿಯಾದರೂ ಬರುತ್ತಿದ್ದಿತೋ ಏನೋ. ನನ್ನ ವಿವೇಕದಲ್ಲಿ ಮುದುಕನ ಅಂಜಿಕೆಯೂ ಬೆರೆತಿದ್ದೀತು.

ಆ ಬಳಿಕವೂ ದಾರಿಯು ಸುಗಮವಾಗಲಿಲ್ಲ. 2025ರ ಏಪ್ರಿಲಿನಲ್ಲಿ ಬಾಂಗ್ಲಾದೇಶವು ಭೂಮಾರ್ಗದಿಂದ ನಮ್ಮ ನೂಲು ಬರುವುದನ್ನು ತಡೆದಿತು. ಆದರೂ ಶಿಷ್ಯನು ಆಸೆಯನ್ನು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳಲಾರೆನು. ರಫ್ತುದಾರನ ಸಂಕೇತಸಂಖ್ಯೆಯನ್ನು ಪಡೆದಿದ್ದಾನೆ. ರೈತರಿಗೆ ಮೊದಲೇ ಹಣ ಕೊಟ್ಟು, ಬ್ಯಾಂಕಿನ ಪತ್ರವು ಕೈಸೇರಿದ ಮೇಲೆಯೇ ಒಂದು ಲಾರಿಯಷ್ಟನ್ನು ಮಾತ್ರ ಕಳುಹುವೆನೆನ್ನುತ್ತಾನೆ. ಹಾಗಾದರೆ ಸಹಿ ಮಾಡುವೆನೆಂದು ನಾನು ಒಪ್ಪಿದ್ದೇನೆ, ಗೃಹಿಣಿಯೂ ಒಪ್ಪಿದ್ದಾಳೆ.

ನಿಮ್ಮ ಮನೆಯ ತರುಣರೂ ಇಂತಹ ಕಾಗದವನ್ನು ಮುಂದಿಟ್ಟಾರು. ಅವರ ಉತ್ಸಾಹವನ್ನು ಹಳಿಯಬೇಡಿರಿ. ಮೂರು ಪ್ರಶ್ನೆಗಳನ್ನೂ ಕೇಳಿರಿ. ಮೂರನೆಯದನ್ನು ಮೊದಲು ಕೇಳಿರಿ.