ಅಮೀನಾಳ ಹೆಸರಲ್ಲಿ ಸಹಿ ಹಾಕಿದವರಿಗೆ



2003ರಲ್ಲಿ ಲೋಕದ ತುಂಬ ಒಂದು ಅರ್ಜಿ ಓಡಾಡಿತು. ನೈಜೀರಿಯಾದ ಅಮೀನಾ ಲಾವಲ್ ಎಂಬ ಹೆಂಗಸನ್ನು ಇನ್ನು ಕೆಲವೇ ದಿನಗಳಲ್ಲಿ ಕಲ್ಲು ಹೊಡೆದು ಕೊಲ್ಲುತ್ತಾರೆ, ಅಲ್ಲಿನ ಸುಪ್ರೀಂ ಕೋರ್ಟೇ ಶಿಕ್ಷೆಯನ್ನು ಖಾಯಂ ಮಾಡಿದೆ, ತಡಮಾಡದೆ ಸಹಿ ಹಾಕಿ ಅಂತ. ಇ-ಮೇಲಿನ ಮೇಲೆ ಇ-ಮೇಲು. ಲಕ್ಷಾಂತರ ಜನ ಸಹಿ ಹಾಕಿದರು. ಹಾಕಿ ಅವತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿರಬೇಕು.

ಆ ಅರ್ಜಿಯಲ್ಲಿ ಇದ್ದದ್ದು ಸುಳ್ಳು. ಕೇಸು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇ ಹತ್ತಿರಲಿಲ್ಲ. ಕಟ್ಸಿನಾ ರಾಜ್ಯದ ಷರಿಯಾ ಮೇಲ್ಮನವಿ ಕೋರ್ಟಿನಲ್ಲಿ ಅದರ ವಿಚಾರಣೆ ಇನ್ನೂ ಆಗಬೇಕಿತ್ತು. ಇದು ಸುಳ್ಳು ಅಂತ ಹೇಳಿದವರು ಯಾರು? ಅಲ್ಲಿನ ಸರ್ಕಾರವಲ್ಲ, ಅಲ್ಲಿನ ಮೌಲ್ವಿಗಳಲ್ಲ. ಅವಳ ಕೇಸಿನ ಬೆನ್ನಿಗೆ ನಿಂತಿದ್ದ ಬಾವೋಬಾಬ್ ಎಂಬ ಹೆಂಗಸರ ಸಂಘಟನೆ. (ನಮ್ಮ ಸವಣೂರಿನಲ್ಲಿ ದೊಡ್ಡ ಹುಣಸೆ ಅಂತಾರಲ್ಲ, ಆ ಮರದ ಹೆಸರು ಅದು.) ಆಯೇಷಾ ಇಮಾಮ್, ಸಿಂಡಿ ಮೆಡಾರ್-ಗೌಲ್ಡ್ ಇಬ್ಬರೂ ರುಜು ಹಾಕಿ 2003ರ ಮೇ ತಿಂಗಳಲ್ಲಿ ಲೋಕಕ್ಕೆ ಒಂದು ಕಾಗದ ಬರೆದರು. ದಯವಿಟ್ಟು ಈ ಅರ್ಜಿ ಚಳವಳಿಯನ್ನು ನಿಲ್ಲಿಸಿ, ನೀವು ನಮಗೆ ಉಪಕಾರ ಮಾಡುತ್ತಿಲ್ಲ, ಅಪಾಯ ತರುತ್ತಿದ್ದೀರಿ ಅಂತ.

ಈ ಕಥೆ ನಾನು ಓದಿದ್ದು ಈಚೆಗೆ. ಓದಿದ ರಾತ್ರಿಯೇ ಅಮೀನಾಳ ಮೇಲೆ ಒಂದು ಕವಿತೆ ಬರೆದೆ. ಕಲ್ಲು, ರಕ್ತ, ಎದೆಹಾಲು ಎಲ್ಲಾ ಇತ್ತು ಅದರಲ್ಲಿ. ಆಮೇಲೆ ಬಾವೋಬಾಬಿನವರ ಕಾಗದ ಸಿಕ್ಕಿತು. ಕವಿತೆಯನ್ನು ಹರಿದು ಹಾಕಿದೆ. ಸಹಿ ಹಾಕಿದವರಿಗೂ ನನಗೂ ಏನು ವ್ಯತ್ಯಾಸ ಸ್ವಾಮಿ? ಇಬ್ಬರಿಗೂ ಬೇಕಾಗಿದ್ದದ್ದು ಸಾಯಲಿರುವ ಒಬ್ಬ ಹೆಂಗಸು. ಕೋರ್ಟಿನಲ್ಲಿ ನಿಂತು ವಾದಿಸುವ ಹೆಂಗಸರು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ.

ನಡೆದದ್ದು ಇಷ್ಟು. 1999ರಲ್ಲಿ ನೈಜೀರಿಯಾದಲ್ಲಿ ಮಿಲಿಟರಿ ಆಡಳಿತ ಹೋಗಿ ಚುನಾವಣೆ ಬಂತು. ಓಟಿನ ರುಚಿ ಹತ್ತಿದ ಗವರ್ನರುಗಳಿಗೆ ಧರ್ಮ ನೆನಪಾಯಿತು. ಜಾಂಫಾರಾ ರಾಜ್ಯ ಮೊದಲು ಷರಿಯಾ ದಂಡನೆಯ ಕಾನೂನು ತಂದಿತು, ನೋಡ್ತಾ ನೋಡ್ತಾ ಉತ್ತರದ 12 ರಾಜ್ಯಗಳು ತಂದವು. ಅಮೀನಾ ಕುರಾಮಿ ಎಂಬ ಹಳ್ಳಿಯವಳು, ಬಡವಿ, ಓದು ಬರಹ ಇಲ್ಲ, ಗಂಡ ಬಿಟ್ಟಿದ್ದ. ಒಂದು ಹೆಣ್ಣು ಮಗು ಹುಟ್ಟಿತು. ಹೆಂಗಸಿಗಾದರೆ ಹೊಟ್ಟೆಯೇ ಸಾಕ್ಷಿ. ಅವಳು ಹೆಸರು ಹೇಳಿದ ಗಂಡಸು ನಾನಲ್ಲ ಅಂದ, ಮನೆಗೆ ಹೋದ. ಅವನನ್ನು ಹಿಡಿಯೋದಕ್ಕೆ ನಾಲ್ಕು ಜನ ಕಣ್ಣಾರೆ ಕಂಡಿರಬೇಕಂತೆ! 2002ರ ಮಾರ್ಚಿನಲ್ಲಿ ಬಕೋರಿಯ ಕೋರ್ಟು ಕಲ್ಲಿನ ಶಿಕ್ಷೆ ಹಾಕಿತು. ಆಗಸ್ಟಿನಲ್ಲಿ ಫುಂಟುವಾದ ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿದು, ಮಗು ಹಾಲು ಬಿಡುವ ತನಕ ತಡೆಯಿರಿ ಅಂದಿತು. ಎಂಥಾ ದಯೆ. ಯಾವ ಗವರ್ನರನ ಮಗಳು, ಯಾವ ಸಾಹುಕಾರನ ಸೊಸೆ ಈ ಕಟಕಟೆಗೆ ಬಂದಳು? ಬಂದವರೆಲ್ಲ ಹಳ್ಳಿಯ ಬಡ ಹೆಂಗಸರೇ. ಇದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬಾವೋಬಾಬಿನವರು ಅರ್ಜಿ ಬೇಡ ಅಂದದ್ದು ಯಾಕೆ? ಅವರಿಗೆ ಪೆಟ್ಟು ತಿಂದು ಗೊತ್ತಿತ್ತು. ಜಾಂಫಾರಾದಲ್ಲಿ ಇನ್ನೂ ಎಳೆಯ ಹುಡುಗಿಯೊಬ್ಬಳಿಗೆ ಚಡಿಯೇಟಿನ ಶಿಕ್ಷೆ ಆಗಿತ್ತು. ಹೊರಗಿನಿಂದ ರಾಶಿ ರಾಶಿ ಕಾಗದ ಬಂದವು. ಗವರ್ನರ್ ಆ ಕಾಗದಗಳನ್ನು ಕಾಫಿರರ ಕಾಗದ ಅಂತ ನಕ್ಕ. 2001ರ ಜನವರಿಯಲ್ಲಿ, ಗೊತ್ತುಮಾಡಿದ್ದ ದಿನಕ್ಕೂ ಮುಂಚೆಯೇ, ಆ ಹುಡುಗಿಯ ಬೆನ್ನ ಮೇಲೆ 100 ಏಟು ಬಿದ್ದವು. ಕಾಗದ ಬರೆದವರ ಬೆನ್ನ ಮೇಲಲ್ಲ.

ಇನ್ನೊಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಅರ್ಜಿಗಳು ಕ್ಷಮೆ ಕೇಳಿದವು. ಅಧ್ಯಕ್ಷರೇ, ಅಮೀನಾಳನ್ನು ಕ್ಷಮಿಸಿ! ಬಾವೋಬಾಬಿನವರು ಕೇಳಿದರು: ಯಾವ ತಪ್ಪಿಗೆ ಕ್ಷಮೆ? ಕ್ಷಮೆ ಅಂದರೆ ತಪ್ಪು ಒಪ್ಪಿಕೊಂಡ ಹಾಗೆ. ಇವಳೊಬ್ಬಳು ದೊಡ್ಡವರ ದಯೆಯಿಂದ ಉಳೀತಾಳೆ. ನಾಳೆ ಇನ್ನೊಂದು ಹಳ್ಳಿಯಲ್ಲಿ ಇನ್ನೊಬ್ಬಳನ್ನು ಹಿಡಿದಾಗ? ನಮಗೆ ಬೇಕಾಗಿರೋದು ತೀರ್ಪು. ಶಿಕ್ಷೆ ಕೊಟ್ಟಿದ್ದೇ ತಪ್ಪು ಅಂತ ಕೋರ್ಟು ಬರೆದುಕೊಡಬೇಕು, ಅದನ್ನು ಹಿಡಿದು ಮುಂದಿನ ಕೇಸು ಗೆಲ್ಲಬೇಕು. ಧಣಿಯ ಮುಂದೆ ಟವೆಲ್ಲು ಸೊಂಟಕ್ಕೆ ಕಟ್ಟಿ ತಪ್ಪಾಯ್ತು ಬುದ್ಧಿ ಅಂತ ನಿಂತವರ ಮೊಮ್ಮಕ್ಕಳು ನಾವು. ಈ ಮಾತು ನಮಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು?

ಧರ್ಮದ ಕೋರ್ಟಿಗೆ ಯಾಕೆ ಹೋದರು, ಬಹಿಷ್ಕರಿಸಬೇಕಿತ್ತು ಅಂತ ನಮ್ಮ ಕೆಲವು ಕ್ರಾಂತಿಕಾರಿ ಮಿತ್ರರು ಅಂತಾರೆ. ಕತ್ತು ಅಲ್ಲಿ ಸಿಕ್ಕಿಬಿದ್ದಿದೆ, ಬಿಡಿಸೋದು ಇನ್ನೆಲ್ಲಿ? ಹವ್ವಾ ಇಬ್ರಾಹಿಂ, ಅಲಿಯು ಮೂಸಾ ಯಾವುರಿ ಮುಂತಾದ ವಕೀಲರು ಸಂವಿಧಾನವನ್ನೂ ಹಿಡಿದರು, ಆ ಧರ್ಮಶಾಸ್ತ್ರವನ್ನೂ ಹಿಡಿದರು. ಗರ್ಭ ಐದು ವರ್ಷದ ತನಕ ಮಲಗಿರಬಹುದು, ಹಾಗಾಗಿ ಮಗು ಹಳೇ ಗಂಡನದೇ ಇರಬಹುದು ಎಂಬ ಹಳೆಯ ಶಾಸ್ತ್ರದ ಮಾತನ್ನೇ ಹುಡುಕಿ ತಂದು ವಾದಿಸಿದರು. ನಗಬೇಡಿ. ಶಾಸ್ತ್ರ ಮಾಡಿದವರ ಕೊರಳಿಗೇ ಅವರ ಶಾಸ್ತ್ರವನ್ನು ಸುತ್ತಿದ ಜಾಣ್ಮೆ ಅದು. ಸೊಕೋಟೊದ ಸಫಿಯಾ ಹುಸೈನಿ 2002ರ ಮಾರ್ಚಿನಲ್ಲಿ ಹೀಗೆ ಕೋರ್ಟಿನಿಂದಲೇ ಬಿಡುಗಡೆಯಾಗಿದ್ದಳು.

ಆ ಹೊತ್ತಿಗೆ ಹೊರಗಿನವರು ಏನು ಮಾಡುತ್ತಿದ್ದರು? 2002ರಲ್ಲಿ ವಿಶ್ವಸುಂದರಿ ಸ್ಪರ್ಧೆ ನೈಜೀರಿಯಾದ ಅಬುಜಾದಲ್ಲಿ ಆಗಬೇಕಿತ್ತು. (1996ರಲ್ಲಿ ನಮ್ಮ ಬೆಂಗಳೂರಿಗೂ ಬಂದಿತ್ತು ಈ ಸಂತೆ.) ಕೆಲವು ಸುಂದರಿಯರು ಅಮೀನಾಳ ಸಲುವಾಗಿ ಬರೋದಿಲ್ಲ ಅಂದರು. ಒಂದು ಪತ್ರಿಕೆಯಲ್ಲಿ ಬಂದ ಬರಹದ ನೆಪದಲ್ಲಿ ಕಡುನಾ ನಗರ ಹೊತ್ತಿ ಉರಿಯಿತು. 200ಕ್ಕೂ ಹೆಚ್ಚು ಜನ ಸತ್ತರು. ಸ್ಪರ್ಧೆ ಲಂಡನ್ನಿಗೆ ಹಾರಿತು. ಹೆಣಗಳು ಕಡುನಾದಲ್ಲೇ ಉಳಿದವು.

ಹಾಗಂತ ಹೊರಗಿನವರು ಬಾಯಿ ಮುಚ್ಚಿಕೊಂಡಿರಲಿ ಅಂತ ನಾನು ಹೇಳ್ತಿಲ್ಲ. ಅದು ಗವರ್ನರುಗಳ ಮಾತು. ನಮ್ಮ ಸಂಸ್ಕೃತಿ, ನಮ್ಮ ಮನೆ ವಿಚಾರ, ನೀವ್ಯಾರು ಕೇಳೋಕೆ? ಈ ರಾಗ ನಮಗೆ ಹೊಸದಲ್ಲ. 2001ರಲ್ಲಿ ಅದೇ ಆಫ್ರಿಕದ ಡರ್ಬನ್ನಿನಲ್ಲಿ ವರ್ಣಭೇದದ ವಿರುದ್ಧ ವಿಶ್ವಸಮ್ಮೇಳನ ನಡೆದಾಗ ನಮ್ಮವರು ಹೋಗಿ ಜಾತಿಯ ಮಾತೆತ್ತಿದರು. ಇಂಡಿಯಾ ಸರ್ಕಾರ ಇದು ನಮ್ಮ ಒಳಗಿನ ವಿಚಾರ ಅಂದಿತು. ಲೋಕ ನಮ್ಮ ಕಡೆ ನೋಡಲಿ ಅಂತ ನಾವೂ ಕೂಗಿದವರೇ. ಆದರೆ ಕೂಗಿದ್ದು ನಾವು, ನಮ್ಮ ಬಾಯಲ್ಲಿ. ಬಾವೋಬಾಬಿನವರೂ ಬೆಂಬಲ ಬೇಡ ಅನ್ನಲಿಲ್ಲ. ಅಲ್ಲಿ ಕೆಲಸ ಮಾಡುವವರನ್ನು ಮೊದಲು ಕೇಳಿ, ನಿಜ ಏನಂತ ತಿಳಿದುಕೊಳ್ಳಿ, ಕೇಸು ನಡೆಸೋದಕ್ಕೆ ಬೇಕಾದ ಹಣ, ಪುಸ್ತಕ, ತಿಳುವಳಿಕೆ ಕೊಡಿ ಅಂದರು. ಇಸ್ಲಾಮೇ ಕಾಡು, ಆಫ್ರಿಕವೇ ಕತ್ತಲು ಅಂತ ಬರೆದು ನಮ್ಮ ಶತ್ರುಗಳ ಕೈ ಬಲ ಮಾಡಬೇಡಿ ಅಂದರು.

2003ರ ಸೆಪ್ಟೆಂಬರ್ 25. ಕಟ್ಸಿನಾದ ಕೋರ್ಟಿನ ಐವರು ನ್ಯಾಯಾಧೀಶರಲ್ಲಿ ನಾಲ್ವರು ಅಮೀನಾಳ ಶಿಕ್ಷೆಯನ್ನು ಹೊಡೆದುಹಾಕಿದರು. ಮೂವರು ಕೂರಬೇಕಾದ ಕಡೆ ಒಬ್ಬನೇ ಕೂತು ತೀರ್ಪು ಕೊಟ್ಟಿದ್ದ, ಅವಳಿಗೆ ತನ್ನ ಪರ ಹೇಳಿಕೊಳ್ಳಲು ಸರಿಯಾದ ಅವಕಾಶ ಕೊಟ್ಟಿರಲಿಲ್ಲ ಅಂತ ಬರೆದರು. ಕ್ಷಮೆ ಎಂಬ ಪದ ಬೇಕಾಗಲಿಲ್ಲ. 2005ರಲ್ಲಿ ಹವ್ವಾ ಇಬ್ರಾಹಿಂಗೆ ಯುರೋಪಿನವರು ಸಖರೋವ್ ಪ್ರಶಸ್ತಿ ಕೊಟ್ಟರು. ಆ ಕಾನೂನು ಮಾತ್ರ ಆ ರಾಜ್ಯಗಳ ಪುಸ್ತಕದಲ್ಲಿ ಈಗಲೂ ಇದೆ.

ನಮ್ಮ ಸಭೆಗಳಿಗೂ ಇಂಥ ಅರ್ಜಿ ಹಿಡಿದು ಬರ್ತಾರೆ. ಒಳ್ಳೆಯ ಹುಡುಗರೇ, ಗದರಿಸಬೇಡಿ. ಕೂರಿಸಿ, ಟೀ ಕೊಡಿಸಿ, ಆಮೇಲೆ ಕೇಳಿ: ಈ ಕೇಸು ಅಲ್ಲಿ ನಡೆಸ್ತಿರೋ ಹೆಂಗಸರು ಯಾರಪ್ಪ? ಅವರು ಈ ಕಾಗದ ಓದಿದಾರಾ? ಗೊತ್ತಿಲ್ಲ ಅಂದರೆ ಪೆನ್ನನ್ನು ಜೇಬಿನಿಂದ ತೆಗೀಬೇಡಿ.