ಬ್ರೋಕರ್‌ಗೂ ಸ್ವಂತ ವೆಬ್‌ಸೈಟ್ ಬೇಕಾ? ಸರ್ವೆ ನಂಬರ್ ಹಾಕೋದಾದ್ರೆ ಬೇಕು

ನಮ್ಮ ಕಡೆ ಸೈಟು, ಮನೆ, ಅಂಗಡಿ ಮಳಿಗೆ ಹುಡುಕೋರು ಮೊದಲು ಕೇಳೋದು ಪರಿಚಯದ ಬ್ರೋಕರ್‌ನ. ಆಮೇಲೆ ಮ್ಯಾಜಿಕ್‌ಬ್ರಿಕ್ಸ್‌ನಂಥ ಆ್ಯಪ್ ನೋಡ್ತಾರೆ. ಅಲ್ಲಿ ದೊಡ್ಡ ಊರುಗಳ ಫ್ಲಾಟ್‌ಗಳದ್ದೇ ಕಾರುಬಾರು. ಹಾಗಾದರೆ ನಮ್ಮ ಬ್ರೋಕರ್‌ಗಳೇ ಸ್ವಂತ ವೆಬ್‌ಸೈಟ್ ಮಾಡಿಕೊಳ್ಳಬೇಕಾ?

ಮಾಡಿಕೊಂಡರೆ ಒಳ್ಳೆಯದೇ. ಮಳೆಗಾಲದಲ್ಲಿ ಯಾವ ಬಡಾವಣೆಗೆ ನೀರು ನುಗ್ಗುತ್ತೆ, ಯಾವ ರಸ್ತೆ ಅಗಲ ಮಾಡೋಕೆ ಗುರುತು ಹಾಕಿದಾರೆ ಅನ್ನೋದು ಊರಿನವರಿಗೇ ಗೊತ್ತು. ಆದರೆ ಬರೀ ಫೋಟೊ ಹಾಕಿ, ‘ರೇಟಿಗೆ ಕರೆ ಮಾಡಿ’ ಅನ್ನೋದಕ್ಕೆ ವಾಟ್ಸ್‌ಆ್ಯಪ್ ಸ್ಟೇಟಸ್ಸೇ ಸಾಕು. ಮಾರಿಹೋದ ಸೈಟನ್ನು ತೋರಿಸಿ ಗಿರಾಕಿ ಕರೆಸೋದಂತೂ ಮೋಸವೇ.

ಇದಕ್ಕೆ ಕಾನೂನೂ ಇದೆ. 2016ರ ರೇರಾ ಕಾಯ್ದೆ ಪ್ರಕಾರ, 500 ಚದರ ಮೀಟರ್‌ಗಿಂತ ದೊಡ್ಡ ಹೊಸ ಲೇಔಟ್‌ಗೆ ನೋಂದಣಿ ಆಗದೆ ಜಾಹೀರಾತು ಕೊಡುವಂತಿಲ್ಲ. ಅಲ್ಲಿನ ಸೈಟು ಮಾರಿಸೋ ಏಜೆಂಟ್ ಕೂಡ ನೋಂದಣಿ ಮಾಡಿಸಿರಬೇಕು. ತಪ್ಪಿದರೆ ದಿನಕ್ಕೆ 10,000 ರೂ. ದಂಡ. ವೆಬ್‌ಸೈಟ್‌ನಲ್ಲಿ ಹಾಕಿದರೂ ಅದು ಜಾಹೀರಾತೇ.

ಆದ್ದರಿಂದ ಪ್ರತಿ ಸೈಟಿನ ಪಕ್ಕದಲ್ಲಿ ಸರ್ವೆ ನಂಬರ್, ಇ-ಖಾತಾ ವಿವರ, ಲೇಔಟ್‌ನ ರೇರಾ ಸಂಖ್ಯೆ, ತಮ್ಮ ನೋಂದಣಿ ಸಂಖ್ಯೆ ಇರಲಿ. ಆಗ ಗಿರಾಕಿ ಭೂಮಿಯಲ್ಲಿ ಪಹಣಿ, ಕಾವೇರಿಯಲ್ಲಿ ಇಸಿ ತೆಗೆದು ತಾನೇ ತಾಳೆ ನೋಡಬಹುದು. ಸರ್ವೆ ನಂಬರ್ ಹಾಕಿದರೆ ಗಿರಾಕಿ ನೇರ ಮಾಲೀಕರ ಹತ್ತಿರ ಹೋಗಿ ಕಮಿಷನ್ ತಪ್ಪುತ್ತೆ ಅನ್ನೋ ಭಯ ಬ್ರೋಕರ್‌ಗಳಿಗಿದೆ. ಆ ಭಯ ಸುಳ್ಳಲ್ಲ. ಆದರೆ ಸಣ್ಣ ಊರಲ್ಲಿ ಒಂದು ಸಲ ನಂಬಿಕೆ ಹೋದರೆ ವ್ಯಾಪಾರವೇ ಹೋದಂತೆ.

ಅಂಗಡಿಯಲ್ಲಿ ದುಡಿದು ಕೂಡಿಟ್ಟ ಹಣ ಅಡ್ವಾನ್ಸ್ ಕೊಡೋರು ಮೊದಲು ನಂಬರ್ ಕೇಳಿ. ಕೊಡದಿದ್ದರೆ ವೆಬ್‌ಸೈಟ್ ಎಷ್ಟೇ ಚಂದ ಇದ್ದರೂ ದುಡ್ಡು ಕೊಡಬೇಡಿ.